ಅಕ್ಕನ ರಸ್ತೆ

ಆ ಮಹಾನಗರಕ್ಕೆ ಹೊಸಬರಾದ ಮೇಷ್ಟ್ರೊಬ್ಬರು ಬಸ್ ಸ್ಟಾಪಿನಲ್ಲಿ ನಿಂತು, ಒಳ್ಳೆಯ ಊಟ ಎಲ್ಲಿ ಸಿಗುತ್ತದೆಂದು ಪ್ರವಾಸಿ ಕೈಪಿಡಿಯಲ್ಲಿ ಹುಡುಕುತ್ತಿದ್ದರು. ಪಕ್ಕದಲ್ಲೇ ರಸ್ತೆ ಗುಡಿಸುವ ಹೆಂಗಸೊಬ್ಬಳು, ಊರಿಂದ ಬಂದು ಆಗಷ್ಟೇ ಬಸ್ಸಿಳಿದ ತಂಗಿಯ ಚೀಲ ಇಸಿದುಕೊಳ್ಳುತ್ತಿದ್ದಳು.

“ಅಬ್ಬಾ, ಏನ್ ಗದ್ದಲ ಅಕ್ಕಾ! ತಲೆ ಚಿಟ್ಟು ಹಿಡೀತು.”

“ಬೆಳಗಿನ ಜಾವ ನೋಡ್ಬೇಕು ನೀನು. ಇದೇ ರಸ್ತೆ ತೊಟ್ಟಿಲ ಕೂಸಿನ ಥರ ಮಲಗಿರುತ್ತೆ. ಬೇಕರಿಯಿಂದ ಬ್ರೆಡ್ಡಿನ ಘಮ ಬಂತು ಅಂದ್ರೆ ಐದು ಗಂಟೆ ಆಯ್ತು ಅಂತ.”

“ಹೊಟ್ಟೆ ಚುರುಗುಟ್ತಿದೆ. ಆ ಗಾಜಿನ ಹೋಟೆಲಿಗೆ ಹೋಗೋಣ್ವಾ?”

“ಬೇಡ ಕಣೇ. ಅವರ ಕಸದ ಡಬ್ಬೀಲಿ ದಿನಾ ಜನ ಅರ್ಧಕ್ಕೇ ಬಿಟ್ಟ ಊಟ. ಮೂಲೆ ಅಜ್ಜಿ ಕ್ಯಾಂಟೀನಿನ ಡಬ್ಬೀಲಿ ಬರೀ ತರಕಾರಿ ಸಿಪ್ಪೆ. ಅಲ್ಲಿ ತಟ್ಟೇಲಿ ಯಾರೂ ಒಂದಗುಳೂ ಬಿಡಲ್ಲ.”

ಮೇಷ್ಟ್ರು ಮೆಲ್ಲಗೆ ಪುಸ್ತಕ ಮುಚ್ಚಿದರು.

ತಂಗಿ ದನಿ ತಗ್ಗಿಸಿದಳು. “ಅಕ್ಕಾ, ನೀನು ಆಫೀಸಲ್ಲಿದ್ದೀಯ ಅಂತ ನಮ್ಮತ್ತೆ ಹತ್ರ ಹೇಳ್ಬಿಟ್ಟಿದೀನಿ.”

“ಯಾಕೇ? ರಸ್ತೆ ಗುಡಿಸ್ತಾಳೆ ಅನ್ನು. ನಮ್ಮಕ್ಕ ಗುಡಿಸಿದ ಮೇಲೇ ಅಷ್ಟು ದೊಡ್ಡ ಊರು ಬೀದಿಗೆ ಕಾಲಿಡುತ್ತೆ ಅನ್ನು.”

ತಂಗಿ ಅಕ್ಕನ ಉದ್ದನೆಯ ಪೊರಕೆಯನ್ನು ತೆಗೆದು ತನ್ನ ಹೆಗಲಿಗೇರಿಸಿಕೊಂಡಳು.

“ನಡಿ, ನಿನ್ನ ಕ್ಯಾಂಟೀನ್ ತೋರ್ಸು.”

ಇಬ್ಬರೂ ರಸ್ತೆಯ ನಟ್ಟನಡುವೆ ತಲೆಯೆತ್ತಿ ದಾಟಿಹೋದರು.