ಬೆಲ್ಲದ ಸೂರ್ಯ

ತೆಲುಗು ನಾಡಿನ ಗವರ್ನರ್‌ಪೇಟೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕನ್ನಡ ಕೇಳಿಸಿತೆಂದು ನನ್ನ ಕಿವಿ ನಿಮಿರಿತು. ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು; ಮಾತು ತೆಗೆದದ್ದು ಹೆಂಡತಿ.

“ಮಗಳು ಸ್ಕೂಲ್ ಎಕ್ಸಿಬಿಷನ್ನಿಗೆ ಸೌರಮಂಡಲ ಮಾಡಿಟ್ಟಿದ್ದಾಳಲ್ಲ, ಅದರಲ್ಲಿ ಸೂರ್ಯ ಸಣ್ಣಗಾಗ್ತಿದ್ದಾನೆ.”

“ಯಾವ ಸೂರ್ಯ?”

“ಏನೂ ಗೊತ್ತಿಲ್ಲದೋರ ಥರ ಕೇಳ್ಬೇಡಿ. ಅನಕಾಪಲ್ಲಿಯಿಂದ ತರಿಸಿದ ಬೆಲ್ಲದ ಉಂಡೆ. ತೆಂಗಿನಕಾಯಿ ಗಾತ್ರ ಇದ್ದಿದ್ದು ಮೋಸಂಬಿ ಆಗಿದೆ. ಸಾಸಿವೆ ಕಾಳಿನ ಭೂಮಿ, ನೆಲ್ಲಿಕಾಯಿ ಗುರುಗ್ರಹ ಹಾಗೇ ಇವೆ.”

“ಇರುವೆ ತಿಂದಿರುತ್ತೆ ಕಣೆ.”

“ಇರುವೆ ಗುಂಡುಕಲ್ಲು ತಗೊಂಡು ಕುಟ್ಟುತ್ತಾ? ಏಟು ಬಿದ್ದಿರೋದು ಕಾಣುತ್ತೆ.”

“ಸೂರ್ಯ ಉರಿದೂ ಉರಿದೂ ಸವೀತಾನಂತೆ. ಅವಳ ಪುಸ್ತಕದಲ್ಲೇ ಇದೆ.”

“ಅದಕ್ಕೆ ಕೋಟ್ಯಂತರ ವರ್ಷ ಬೇಕು ಅಂತಲೂ ಇದೆ. ನಮ್ಮನೇಲಿ ವಾರ ತುಂಬೋದ್ರೊಳಗೆ ಸವೆದ.”

“ಶುಗರ್ ಇರೋನು ನಾನ್ಯಾಕೆ ಬೆಲ್ಲ ಮುಟ್ಟಲಿ?”

“ನಾನು ನಿಮ್ಮ ಹೆಸರೇ ಎತ್ತಲಿಲ್ಲವಲ್ಲ!”

ಗಂಡ ತಲೆಯೆತ್ತಿ ಫ್ಯಾನು ನೋಡತೊಡಗಿದರು. ಒಳಗಿನಿಂದ “ಸೋಮಶೇಖರ್‌ಗಾರೂ!” ಎಂದು ಕೂಗಿದರು. ಗಂಡ ನಿಧಾನವಾಗಿ ಅಂಗಿಯ ತೋಳು ಮಡಚಿಕೊಂಡು ಎದ್ದರು. ಆಕೆ ಚೀಲ ಎತ್ತಿಕೊಂಡು ಹಿಂದೆಯೇ ಹೊರಟರು.

“ನಡೀರಿ. ಸೂರ್ಯ ಎಲ್ಲಿ ಮುಳುಗಿದ ಅಂತ ಸೂಜಿ ಚುಚ್ಚಿದ ಮೇಲೆ ಗೊತ್ತಾಗುತ್ತೆ.”