ಲಿಮ್ ಅವರ ಮೇಲಿನ ದೂರು ಮತ್ತು ನನ್ನ ಅಮೆರಿಕದ ನೋಟ್‌ಬುಕ್

ಹೆಸರು ಅಚ್ಯುತ ಬಿನ್ ಪುಟ್ಟಸ್ವಾಮಿ, ವಯಸ್ಸು 73, ಲೇತ್ ಕೆಲಸದಿಂದ ನಿವೃತ್ತಿ, ಓದು ಆರನೇ ಕ್ಲಾಸ್, ವಾಸ ಸಿಂಗಾಪುರದ ಉಬಿ, ಬ್ಲಾಕ್ 348, ಏಳನೇ ಮಹಡಿ. ಈ ದಿನ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಹಳೇ ಪೇಪರ್ ಒಯ್ಯುವ ಲಿಮ್ ಅವರ ಮೇಲೆ ನಿನ್ನೆ ನಾನು ಕೊಟ್ಟ ಕಳ್ಳತನದ ದೂರು ತಪ್ಪು. ನಾನು ಹೇಳಿದ್ದನ್ನು ಸೊಸೆ ತೃಪ್ತಿ ಬರೆಯುತ್ತಿದ್ದಾಳೆ. ಸ್ವಲ್ಪ ಮೆತ್ತಗೆ ಬರೆಯಲೇ ಎಂದು ಕೇಳಿದಳು. ಬೇಡ ಎಂದೆ.

ಕಾಣೆಯಾಗಿದ್ದು ನೀಲಿ ರಟ್ಟಿನ ದಪ್ಪ ನೋಟ್‌ಬುಕ್. ಅದರಲ್ಲಿ ಅಮೆರಿಕದ ರಾಜಕಾರಣಿಗಳಿದ್ದಾರೆ, ಒಬ್ಬೊಬ್ಬರಿಗೆ ಒಂದು ಪುಟ. ಊರಿನ ಸ್ಕೂಲ್ ಕಮಿಟಿಗೆ ಗೆದ್ದಾಗಿನ ಫೋಟೋ ಕೆಳಗೆ, ಅದರ ಮೇಲೆ ರಾಜ್ಯದ ಶಾಸನಸಭೆ, ಅದಕ್ಕೂ ಮೇಲೆ ವಾಷಿಂಗ್ಟನ್. ಸೋತ ವರ್ಷಕ್ಕೆ ಕೆಂಪು ಗೀಟು. 24 ವರ್ಷದಿಂದ ಅಂಟಿಸುತ್ತಿದ್ದೇನೆ. ಯಾಕೆ ಎಂದು ಅಧಿಕಾರಿ ಕೇಳಿದರು. 31 ವರ್ಷ ಒಂದೇ ಲೇತ್ ಮುಂದೆ ನಿಂತವನಿಗೆ ಮೇಲೆ ಹತ್ತುವವರನ್ನು ನೋಡುವ ಆಸೆ ಇರುತ್ತದೆ, ಅದು ಅಪರಾಧವಲ್ಲ ಎಂದೆ.

ನಿನ್ನೆ ಬೆಳಿಗ್ಗೆ 9.10ಕ್ಕೆ ಲಿಮ್ ಅವರ ಹಾರ್ನ್ ಕೇಳಿ ಪೇಪರ್ ಕಟ್ಟನ್ನು ಕೊಟ್ಟೆ. 10.20ಕ್ಕೆ ನೋಡಿದರೆ ನೋಟ್‌ಬುಕ್ ಇಲ್ಲ. ಇವರೇ ಎತ್ತಿದ್ದು ಎಂದು ತೀರ್ಮಾನಿಸಿ ಲಿಫ್ಟ್ ಇಳಿದೆ. ಬ್ಲಾಕಿನ ಕೆಳಗೆ ಎಲ್ಲರೂ ಕೂರುವ ವಾಯ್ಡ್ ಡೆಕ್‌ನಲ್ಲಿ ಹತ್ತು ಜನರೆದುರು, ಎಂಟು ಅಡಿ ದೂರದಿಂದ, ಅವರನ್ನು ಕಳ್ಳ ಎಂದೆ. ಕಟ್ಟೆಲ್ಲ ಹತ್ತಕ್ಕೇ ಲಾರಿಗೆ ಹೋಯಿತು, ಹೋಗಿ ಹುಡುಕುತ್ತೇನೆ ಎಂದರು ಲಿಮ್. ನಾಟಕ ಬೇಡ ಎಂದೆ. 10.45ಕ್ಕೆ ಪೊಲೀಸರಿಗೆ ಫೋನ್ ಮಾಡಿದೆ.

ಈ ದಿನ 8.05ಕ್ಕೆ ಲಿಮ್ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ನನ್ನ ಕಟ್ಟು. ಮೂರು ಕಿಲೋಮೀಟರ್ ದೂರದ ಗೋದಾಮಿನಲ್ಲಿ ನಿನ್ನೆ ಎರಡರಿಂದ ಆರರವರೆಗೆ ಹುಡುಕಿದರಂತೆ. ನಾನು ಹಾಕುವ ಎರಡು ಸುತ್ತಿನ ಗಂಟಿನಿಂದ ಗುರುತು ಹಿಡಿದರಂತೆ. ಗಂಟು ಹಾಗೇ ಇತ್ತು. ನನ್ನ ಕೈಯಲ್ಲೇ ಬಿಚ್ಚಿಸಿದರು. ಎಲ್ಲಕ್ಕಿಂತ ಅಡಿಯಲ್ಲಿ ನೋಟ್‌ಬುಕ್. ಬ್ಲೇಡಿನಿಂದ ಫೋಟೋ ಕತ್ತರಿಸುವಾಗ ಟೇಬಲ್ ಗೀರದಿರಲಿ ಎಂದು ನೋಟ್‌ಬುಕ್ಕಿನ ಮೇಲೆ ಪೇಪರ್ ರಾಶಿ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಎಲ್ಲವನ್ನೂ ಒಟ್ಟಿಗೆ ಎತ್ತಿ ಕಟ್ಟಿದವನು ನಾನು. ಒಳಗೆ ಬಂದು ಕೂರಿ ಎಂದು ತೃಪ್ತಿ ಹೇಳಿದಳು.

ಲಿಮ್ ಅವರಿಗೆ ಇಂಗ್ಲಿಷ್ ಓದಲು ಬಾರದು. ಪುಟ ತಿರುಗಿಸುತ್ತ, ಕಪ್ಪು ಕೂದಲು ಬೆಳ್ಳಗಾದ ಮುಖಗಳನ್ನು ನೋಡಿ, “ಫ್ಯಾಮಿಲಿ ಬುಕ್ ಹೀಗೆಲ್ಲ ಬಿಸಾಕಬಾರದು ಲಾ, ಅಂಕಲ್” ಎಂದರು. ನಾನು ಅಲ್ಲ ಎನ್ನಲಿಲ್ಲ. ಐದು ಕೆಂಪು ಗೀಟಿರುವ ಒಬ್ಬನ ಪುಟದಲ್ಲಿ ನಿಂತು, ಇದೇನು ಎಂದು ಕೇಳಿದರು. ಐದು ಸಲ ಸೋತ, ಆರನೇ ಸಲ ರಾಜ್ಯದ ಶಾಸನಸಭೆಗೆ ಗೆದ್ದ ಎಂದೆ. ಒಳ್ಳೆಯದಾಯಿತು ಎಂದು ಕಾಫಿ ಕುಡಿದರು. ನಿನ್ನೆಯ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ನನಗೆ ಸುಲಭವಿತ್ತು.

9.40ಕ್ಕೆ ಅವರ ಜೊತೆ ವಾಯ್ಡ್ ಡೆಕ್‌ಗೆ ಇಳಿದು, ನಿನ್ನೆ ನಿಂತ ಜಾಗದಲ್ಲೇ ನಿಂತು, ಇವರು ಕಳ್ಳರಲ್ಲ, ನಾನು ದಡ್ಡ ಎಂದೆ. ನಿನ್ನೆಯ ಹತ್ತು ಜನರಲ್ಲಿ ಒಂಬತ್ತು ಜನ ಕೇಳಿಸಿಕೊಂಡರು. ಹತ್ತನೆಯವರಾದ ಜಲಜಾ ಆಂಟಿ ಮಾರ್ಕೆಟ್ಟಿಗೆ ಹೋಗಿದ್ದರು.

ನಿಮ್ಮ ದಾಖಲೆಯಲ್ಲಿ ಲಿಮ್ ಅವರ ಹೆಸರಿನ ಮುಂದೆ ಕಳ್ಳತನ ಎಂಬ ಮಾತು ಉಳಿಯಬಾರದು. ಗೀಟು ಎಳೆಯುವುದಿದ್ದರೆ ನನ್ನ ಹೆಸರಿಗೆ ಎಳೆಯಿರಿ. ಅವರಿಗೆ ನಾನು ಋಣಿ ಎಂಬುದನ್ನೂ ಬರೆದುಕೊಳ್ಳಿ.

ತೃಪ್ತಿ ಓದಿ ಹೇಳಿದಳು, ಕೇಳಿದೆ, ಇದರಲ್ಲಿ ಸುಳ್ಳಿಲ್ಲ. ಬೇಗ ಸಹಿ ತೆಗೆದುಕೊಳ್ಳಿ, ಜಲಜಾ ಆಂಟಿ ಹನ್ನೆರಡಕ್ಕೆ ಮಾರ್ಕೆಟ್ಟಿನಿಂದ ಬರುತ್ತಾರೆ.

ಸ್ಥಳ: ಸಿಂಗಾಪುರ
ದಿನಾಂಕ: 14-06-2025, ಬೆಳಿಗ್ಗೆ 11.25
ಸಹಿ: ಅಚ್ಯುತ