ದೊಡ್ಡಮುನಿಯಮ್ಮ ಅನ್ನೋ ಇಂಜಿನ್ನು

...ಅಲ್ಲ ಕಣಯ್ಯಾ ಮೊಯಿನು, ಇದು ನೀನು ಬಣ್ಣ ಹಚ್ಚಿದ ಇಂಜಿನ್ನೇ ಅಲ್ಲ ಅಂತಿದ್ದೀನಿ! ಯಾರೋ ಅದಲುಬದಲು ಮಾಡವ್ರೆ. ಕನ್ನಡಕ ಹಾಕ್ಕೊಂಡು ನೋಡು. ಎಲ್ಲಿ ನಿನ್ನ ಕಡುಹಸಿರು? ಎಲ್ಲಿ ಆ ಕೆಂಪು ಪಟ್ಟಿ? ಮಗ್ಗುಲಲ್ಲಿ ಬಂಗಾರದ ಅಕ್ಷರದಲ್ಲಿ 'ದೊಡ್ಡಮುನಿಯಮ್ಮ' ಅಂತ ನಮ್ಮವ್ವನ ಹೆಸರು ಬರ್ದಿದ್ಯಲ್ಲ, ಅದೆಲ್ಲಿ? ಬರೀ ಹಿತ್ತಾಳೆ! ಬೋಳು ಹಿತ್ತಾಳೆ!

ಯಾಕೆ ನಗ್ತೀಯಾ? ಈ ಶ್ರೀರಾಮಪ್ಪಂಗೆ ಮಾಡೋಕೆ ಕೆಲ್ಸ ಇಲ್ಲ, ಹೆಬ್ಬಾಳದ ಟ್ರಾಫಿಕ್ಕಲ್ಲಿ ಒದ್ದಾಡ್ಕೊಂಡು ಆರ್.ಟಿ. ನಗರಕ್ಕೆ ತಮಾಷೆಗೆ ಬಂದವ್ನೆ ಅಂದ್ಕೊಂಡ್ಯಾ? ಹೊಟ್ಟೆ ಉರೀತದೆ ಕಣಯ್ಯಾ! ನಮ್ಮನೆ ಬೀರೂನಲ್ಲಿ ಇಂಥ ಪುಟ್ಟ ಪುಟ್ಟ ಮಾದರಿ ಉಗಿ ಇಂಜಿನ್ನು ಬೇಕಾದಷ್ಟವೆ. ನೀಲೀದು, ಕರೀದು, ಕುಂಕುಮದ ಬಣ್ಣದ್ದು, ಎಲ್ಲಾ ನಿನ್ನ ಕೈಯಲ್ಲೇ ಬಣ್ಣ ಕಂಡಿದ್ದು. ಆದ್ರೆ ಬೆಳಿಗ್ಗೆ ಎದ್ದು ನಾನು ಮೊದ್ಲು ಮುಖ ನೋಡ್ತಿದ್ದಿದ್ದು ಅದೊಂದ್ರದ್ದೇ. ಕೈ ನಡುಗ್ತದೆ, ಇನ್ಮೇಲೆ ಬ್ರಷ್ ಮುಟ್ಟಲ್ಲ ಅಂದಿದ್ದೆ ನೀನು. ನಾನೇ ಬಿಡಲಿಲ್ಲ. ಎಡಗೈಯಲ್ಲಿ ಬಲಗೈನ ಗಟ್ಟಿ ಹಿಡ್ಕೊಂಡು ಒಂದೊಂದೇ ಅಕ್ಷರ ಬರ್ದೆ... ನಿನ್ನ ಕೊನೇ ಕೆಲ್ಸ ಅದು.

ಯಾರ ಮೇಲೆ ಅನುಮಾನ ಅಂತ ಕೇಳ್ಬೇಡ. ...ಕೇಳೇ ಇಲ್ವಾ? ಸರಿ, ನಾನೇ ಹೇಳ್ತೀನಿ. ಬೇಜಾರ್ ಮಾಡ್ಕೋಬಾರ್ದು. ಆಯುಧಪೂಜೆಗೆ ಮುಂಚಿನ ದಿನ ಒಬ್ಬನೇ ಬಂದಿದ್ದ ನಮ್ಮನೆಗೆ. ಇಂಜಿನ್ನು ಕೈಯಲ್ಲಿ ಹಿಡ್ದು ಹಿಂದೆ ಮುಂದೆ ತಿರುಗಿಸಿ ನೋಡ್ದ. ನಾನು ಕಾಫಿ ತರೋಕೆ ಒಳಗೋದೆ, ಅಷ್ಟೇ... ನಿನ್ನ ಮಗ. ಹಮ್ಜಾ.

ಅಂಗೆ ನೋಡ್ಬೇಡ! ಅವನ ಹತ್ರಾನೂ ಇದೇ ನಮೂನೆ ಇಂಜಿನ್ನು ಐತೆ ಅಲ್ವಾ, ಬಣ್ಣ ಇಲ್ಲದ್ದು? "ಅಪ್ಪನ ಕೊನೇ ಕೆಲ್ಸ ನಮ್ಮನೇಲೇ ಇರ್ಬೇಕಿತ್ತು ಅಂಕಲ್" ಅಂತ ಅವನೇ ಒಂದ್ಸಲ ಅಂದಿದ್ದ. ನಗ್ತಾ ಅಂದ, ನಿಜ. ನಗ್ತಾ ನಗ್ತಾನೇ ಅಲ್ವಾ ಎಲ್ರೂ ಟೋಪಿ ಹಾಕೋದು? ತನ್ನ ಬೋಳು ಇಂಜಿನ್ನು ಇಟ್ಟು, ನಂದನ್ನ ಎತ್ಕೊಂಡೋದ. ಇಷ್ಟೇ ಕಥೆ.

ನಿಮ್ಮನೆಯವ್ರು ನಜ್ಮುನ್ನೀಸಾ ಯಾಕೆ ಟೀ ಕುಕ್ಕಿ ಮುಖಾನೂ ನೋಡ್ದೆ ಒಳಗೋದ್ರು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ!

ಓ... ನಿಮ್ಗೆ ಗೊತ್ತಾಗೋಯ್ತಾ? ಹೌದು, ಹಮ್ಜಾನೇ ಕದ್ದ ಅಂತ ನಮ್ಮ ಉಗಿಬಂಡಿ ಫೋನ್ ಗ್ರೂಪಲ್ಲಿ ನಾನೇ ಹಾಕ್ದೆ. ಅವನ್ನ ಗ್ರೂಪಿಂದ ತೆಗೆದ್ರು. ಪೂಜೆ ದಿನ ಎಲ್ರೂ ಮನೆಗೆ ಬಂದು "ದೊಡ್ಡಮುನಿಯಮ್ಮ ಎಲ್ಲಿ, ದೊಡ್ಡಮುನಿಯಮ್ಮ ಎಲ್ಲಿ" ಅಂತ ನನ್ನ ತಲೆ ತಿಂದ್ರು. "ನಿನ್ನೆ ಹಮ್ಜಾ ಬಂದಿದ್ದ" ಅಂತ ಬಾಯಿಗೆ ಬಂತು... ಇದ್ದಿದ್ದನ್ನೇ ಹೇಳ್ದೆ! ನಾಳೆ ಯಲಹಂಕದಲ್ಲಿ ಎಲ್ರೂ ಸೇರ್ತಾರೆ. ನೀನು ಬಂದು ಒಂದೇ ಒಂದ್ ಮಾತು ಅಂದ್ಬಿಡು, "ಇದು ನಾನು ಬಣ್ಣ ಹಚ್ಚಿದ್ದಲ್ಲ" ಅಂತ. ನಿನ್ನ ಮಾತಂದ್ರೆ ಯಾರೂ ಎದುರಾಡಲ್ಲ.

ಎಲ್ಲಿಗೆ ಎದ್ದೋದೆ? ...ಮೊಯಿನು? ...ಮಾತಾಡ್ತಿರೋವಾಗ ಎದ್ದೋಗೋದು ಯಾವ ಮರ್ಯಾದೆ!

ಏನದು ಡಬ್ಬ? ...ಹಮ್ಜಾಂದಾ? ಅವನ ಇಂಜಿನ್ನು... ಇಲ್ಲೇ ಐತಾ? ಬಣ್ಣ ಇಲ್ಲದ್ದು, ಇಲ್ಲೇ... ಇರ್ಲಿ, ಇನ್ನೊಂದು ತಂದಿರ್ಬೋದು! ಈಗಿನ ಹುಡುಗ್ರು ಏನ್ ಬೇಕಾದ್ರೂ ತರಿಸ್ತಾರೆ. ಎರಡನ್ನೂ ಪಕ್ಕದಲ್ಲಿಟ್ಟು ಏನ್ ತೋರಿಸ್ತೀಯಾ? ಅವಂದು ಕಪ್ಪಿಟ್ಟೈತೆ, ನಂದು ಹೊಳೀತೈತೆ. ಅದಕ್ಕೇನೀಗ? ದೇವ್ರ ದೀಪದಂಗೆ ಹೊಳೀತೈತೆ... ಮೂಸಬೇಡ ಕಣಯ್ಯಾ ಅದನ್ನ! ಇಂಜಿನ್ನ ಯಾರಾದ್ರೂ ಮೂಸ್ತಾರಾ?

ಸೂಜಿ ಯಾಕೆ? ...ಚಕ್ರದ ಸಂದೀಲಿ ಏನೈತೆ? ...ಧೂಳು. ...ನಾರು? ಯಾವ ನಾರೋ ಏನೋ.

ಅದನ್ನ ನನ್ನ ಮೂಗಿನ ಹತ್ರ ಹಿಡೀಬೇಡ ಮಾರಾಯ.

ಹುಣಸೇದು ಕಣಯ್ಯಾ. ...ಹುಣಸೇಹಣ್ಣು. ಹಬ್ಬಕ್ಕೆ ನಮ್ಮನೇಲಿ ಹಿತ್ತಾಳೆ ಪಾತ್ರೆ ಎಲ್ಲಾ ಹುಣಸೆ ಹಚ್ಚೇ ಉಜ್ಜೋದು. ಇಂಜಿನ್ನಿಗೂ ಕುಂಕುಮ ಇಡೋನು ನಾನು, ಮೇಲಿನ ಹಿತ್ತಾಳೆ ಗುಮ್ಮಟ ಮಂಕಾಗಿತ್ತಲ್ಲ, ಅಷ್ಟನ್ನೇ ಉಜ್ಜೋಣ ಅಂದ್ಕೊಂಡೆ. ಹಮ್ಜಾ ಹೋದ ಮೇಲೆ. ಸಂಜೆ. ಹುಳಿನೀರು ಮಗ್ಗುಲಿಗೆ ಇಳಿದು ಬಣ್ಣ ಎದ್ದೋಯ್ತು. 'ದೊಡ್ಡ' ಹೋಯ್ತು, 'ಮುನಿಯಮ್ಮ' ಉಳೀತು. ಅದನ್ನ ತಂದು ನಿನ್ನ ಮುಂದೆ ಎಂಗೆ ಇಡ್ಲಿ? ನಡುಗೋ ಕೈಯಲ್ಲಿ ಬರ್ದಿದ್ದೆ ನೀನು, ನಾನು ಸೊಪ್ಪು ತೊಳ್ದಂಗೆ ತೊಳ್ದಿದ್ದೆ! ಆಮೇಲೆ... ಉಳಿದಿದ್ದನ್ನೂ ಉಜ್ಜಿಬಿಟ್ಟೆ. ನಮ್ಮವ್ವನ ಹೆಸರು. ನಾನೇ. ಬೇರೆ ಇಂಜಿನ್ನು ಅಂತ ಕಾಣ್ಲಿ ಅಂತ.

ಬೈಯಿ. ಆ ಟೀ ಕಪ್ಪು ಎತ್ತಿ ಮುಖಕ್ಕೆ ಎಸಿ. ಅಪ್ಪನ ಬಾಯಿಂದಲೇ ಮಗನ್ನ ಕಳ್ಳ ಅನ್ನಿಸೋಕೆ ಬಂದಿದ್ದೀನಿ ನಾನು, ನಿನ್ನ ಮನೇಲಿ ಕೂತು, ನಿನ್ನ ಟೀ ಕುಡ್ಕೊಂಡು...

ಪೇಪರಲ್ಲಿ ಯಾಕೆ ಸುತ್ತುತೀಯಾ? ಕೊಟ್ಟು ಕಳಿಸ್ತೀಯಾ? ಬಾಗಿಲೂ ತೆಗೆದ್ಯಾ... ಹೋಗ್ತೀನಿ. ಹೋಗ್ತೀನಿ ಕಣಯ್ಯಾ. ಅವನು ಒಳಗೇ ಅವ್ನೆ ಅಲ್ವಾ, ಚಪ್ಪಲಿ ಇಲ್ಲೇ ಐತೆ. ಒಂದ್ಸಲ ಕರಿ. ಅವನ ಮುಂದೆ ಹೇಳಿ ಹೋಗ್ತೀನಿ, ನಾಳೆ ಯಲಹಂಕದಲ್ಲಿ ಎಲ್ರ ಮುಂದೆ ಇನ್ನೊಂದ್ಸಲ ಹೇಳ್ತೀನಿ. ನಿನ್ನ ಬಾಯಿಂದ ಇನ್ನೇನೂ ಕೇಳಲ್ಲ ಮೊಯಿನು... ನಿನ್ನ ಮಗನ ಹೆಸರೊಂದು ಕೂಗು.